ದುರ್ಗದ ಕಾದಂಬರಿಗಳು: ಓದು ಎಲ್ಲಿಂದ ಆರಂಭಿಸಬೇಕು?

ಹಿರಿಯೂರು: ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗುವವರಿಗೆ ಹಿರಿಯೂರು ದಾಟಿ ಸುಮಾರು 40 ಕಿಲೋಮೀಟರ್ ಕ್ರಮಿಸುವಷ್ಟರಲ್ಲಿ ಚಿತ್ರದುರ್ಗದ ಬಂಡೆಬೆಟ್ಟಗಳು ಎದುರಾಗುತ್ತವೆ. ಆ ಬೆಟ್ಟಗಳ ಮೇಲಿನ ಏಳುಸುತ್ತಿನ ಕೋಟೆಯನ್ನು ಒಮ್ಮೆಯೂ ಏರದ ಕನ್ನಡಿಗರಿಗೂ ಅದರ ಬತೇರಿ, ಬುರುಜು, ದಿಡ್ಡಿಬಾಗಿಲುಗಳು ಅಪರಿಚಿತವಲ್ಲ. ಅದಕ್ಕೆ ಮುಖ್ಯ ಕಾರಣ ತ.ರಾ. ಸುಬ್ಬರಾಯರ, ಅಂದರೆ ನಾಡಿಗೆಲ್ಲ ಪರಿಚಿತರಾದ ತರಾಸು ಅವರ ಕಾದಂಬರಿಗಳು.

ಚಿತ್ರದುರ್ಗದ ಪಾಳೆಯಗಾರರ ಕಾಲವನ್ನು ಕುರಿತು ತರಾಸು ಬರೆದ ಐತಿಹಾಸಿಕ ಕಾದಂಬರಿಗಳ ಸಂಖ್ಯೆ ಎಂಟು. ಅವೆಲ್ಲದರ ರಂಗಸ್ಥಳ ಒಂದೇ ಕೋಟೆ. ಸುಮಾರು ಒಂದು ಶತಮಾನದ ಅವಧಿ, ಹಲವು ತಲೆಮಾರುಗಳ ನಾಯಕರು, ದಳವಾಯಿಗಳು, ನಾಗತಿಯರು ಮತ್ತು ಲೆಕ್ಕವಿಲ್ಲದಷ್ಟು ಯುದ್ಧಗಳು ಅವುಗಳಲ್ಲಿ ತುಂಬಿವೆ. ಆದ್ದರಿಂದ ಪುಸ್ತಕದಂಗಡಿಯಲ್ಲೋ ಗ್ರಂಥಾಲಯದಲ್ಲೋ ಇವುಗಳ ಮುಂದೆ ನಿಂತ ಹೊಸ ಓದುಗನಿಗೆ ಮೊದಲು ಎದುರಾಗುವುದು ಒಂದು ಸರಳ ಪ್ರಶ್ನೆ: ಯಾವುದನ್ನು ಮೊದಲು ಓದಬೇಕು?

ಸಾಮಾನ್ಯವಾಗಿ ಕೈ ಹೋಗುವುದು ಪ್ರಶಸ್ತಿ ಪಡೆದ ‘ದುರ್ಗಾಸ್ತಮಾನ’ದ ಕಡೆಗೆ. ಆದರೆ ಅದು ಸರಣಿಯ ಕೊನೆಯ ಕೃತಿ. ಅಲ್ಲಿಂದ ಆರಂಭಿಸಿದವರಿಗೆ ಕೋಟೆ ಬಿದ್ದುದು ಕಾಣುತ್ತದೆ. ಅದು ಬೀಳುವುದಕ್ಕೆ ನೂರು ವರ್ಷ ಮೊದಲೇ ಒಳಗೆ ಬಿಟ್ಟಿದ್ದ ಬಿರುಕು ಕಾಣುವುದಿಲ್ಲ.

ಬೇರೆಡೆಯೂ ಇದೇ ಪ್ರಶ್ನೆ

ಒಂದೇ ಲೋಕದಲ್ಲಿ ನಡೆಯುವ ಅನೇಕ ಯುದ್ಧ ಕಾದಂಬರಿಗಳಲ್ಲಿ ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು ಎಂಬ ಪ್ರಶ್ನೆ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಮೇಜಿನ ಮೇಲೆ ಪುಟ್ಟ ಸೈನಿಕ ಗೊಂಬೆಗಳನ್ನು ಹೂಡಿ ಆಡುವ ‘ವಾರ್‌ಹ್ಯಾಮರ್ 40,000’ ಎಂಬ ಯುದ್ಧದಾಟ 1987ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಆ ಆಟದ ಕಾಲ್ಪನಿಕ ಲೋಕವನ್ನು ಆಧರಿಸಿ ಇಂಗ್ಲಿಷಿನಲ್ಲಿ ನೂರಾರು ಕಾದಂಬರಿಗಳು ಬಂದಿವೆ. ಅವುಗಳಲ್ಲಿ ‘ಹೋರಸ್ ಹೆರೆಸಿ’ ಎಂಬ ಸರಣಿಯೊಂದೇ 2006ರಲ್ಲಿ ಆರಂಭವಾಗಿ ಐವತ್ತಕ್ಕೂ ಹೆಚ್ಚು ಸಂಪುಟಗಳಿಗೆ ಬೆಳೆಯಿತು.

ಆ ಸರಣಿಯ ಕಥೆ ಮೂಲ ಆಟದ ಕಾಲಕ್ಕಿಂತ ಹತ್ತು ಸಾವಿರ ವರ್ಷ ಹಿಂದಿನದು. ಬರೆದದ್ದು ಮಾತ್ರ ಎಷ್ಟೋ ವರ್ಷಗಳ ತರುವಾಯ. ಹೀಗಾಗಿ ಅಲ್ಲಿನ ಓದುಗರಲ್ಲಿಯೂ ಬರೆದ ಕ್ರಮ ಅನುಸರಿಸಬೇಕೋ, ಕಥೆ ನಡೆದ ಕ್ರಮ ಅನುಸರಿಸಬೇಕೋ ಎಂಬ ಚರ್ಚೆ ಇದೆ.

ದುರ್ಗದ ಕಾದಂಬರಿಗಳಿಗೂ ಇದು ಅನ್ವಯಿಸುತ್ತದೆ. ಕೋಟೆ ಮೈಸೂರಿನ ವಶವಾದ ನಂತರದ ಕಾಲಕ್ಕೆ ಸಂಬಂಧಿಸಿದ ‘ಹಂಸಗೀತೆ’ಯನ್ನು ತರಾಸು 1950ರ ದಶಕದಲ್ಲಿಯೇ ಬರೆದಿದ್ದರು. ಕೋಟೆಯ ಪತನವನ್ನು ಹೇಳುವ ‘ದುರ್ಗಾಸ್ತಮಾನ’ ಪ್ರಕಟವಾದದ್ದು 1982ರಲ್ಲಿ. ಆದರೆ ಒಂದು ವ್ಯತ್ಯಾಸವಿದೆ. ಯುದ್ಧದಾಟದ ಲೋಕ ಪೂರ್ತಿ ಕಲ್ಪಿತ. ದುರ್ಗದ ಲೋಕಕ್ಕೆ ಆಧಾರವಾದ ಬೆಟ್ಟ, ಬಾಗಿಲು, ಹೊಂಡಗಳು ಇಂದಿಗೂ ಇವೆ. ಅಲ್ಲಿ ಸೋತವರ ಮತ್ತು ಗೆದ್ದವರ ಹೆಸರುಗಳು ಇಂದಿಗೂ ಸಾರ್ವಜನಿಕ ಚರ್ಚೆಯಲ್ಲಿವೆ. ಆದ್ದರಿಂದ ಇಲ್ಲಿ ಓದಿನ ಕ್ರಮ ಕೇವಲ ಅನುಕೂಲದ ಮಾತಾಗಿ ಉಳಿಯುವುದಿಲ್ಲ.

ಲೇಖಕರ ಹಿನ್ನೆಲೆ

ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು 1920ರಲ್ಲಿ ಮಲೆಬೆನ್ನೂರಿನಲ್ಲಿ ಜನಿಸಿದರು. ಅವರ ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮದ್ದು. ಕನ್ನಡದ ಹಿರಿಯ ವಿದ್ವಾಂಸ ಟಿ.ಎಸ್. ವೆಂಕಣ್ಣಯ್ಯನವರು ಇದೇ ಮನೆತನದವರು. ತರಾಸು ಅವರಿಗೆ ದೊಡ್ಡಪ್ಪ. 1942ರ ಚಳವಳಿಯ ಕಾಲದಲ್ಲಿ ಓದು ಬಿಟ್ಟ ತರಾಸು ಅನಂತರ ಪತ್ರಿಕೋದ್ಯಮ ಪ್ರವೇಶಿಸಿದರು. ಅ.ನ. ಕೃಷ್ಣರಾಯರ ಮುಂದಾಳತ್ವದ ಪ್ರಗತಿಶೀಲ ಚಳವಳಿಯಲ್ಲಿ ಪ್ರಮುಖರಾಗಿ ಗುರುತಿಸಿಕೊಂಡರು.

ಸಾಮಾಜಿಕ ಕಾದಂಬರಿಗಳಷ್ಟೇ ಐತಿಹಾಸಿಕ ಕಾದಂಬರಿಗಳೂ ಅವರಿಗೆ ಹೆಸರು ತಂದವು. ಐತಿಹಾಸಿಕ ಕೃತಿಗಳೆಲ್ಲವೂ ದುರ್ಗದವಲ್ಲ. ‘ನೃಪತುಂಗ’ ರಾಷ್ಟ್ರಕೂಟರ ಕಾಲದ್ದು. ಆದರೆ ಅವರು ಮತ್ತೆ ಮತ್ತೆ ಹಿಂದಿರುಗಿದ್ದು ದುರ್ಗಕ್ಕೆ. 1984ರ ಏಪ್ರಿಲ್‌ನಲ್ಲಿ ಅವರು ನಿಧನರಾದರು. ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅದನ್ನು ಸ್ವೀಕರಿಸಲು ಲೇಖಕರು ಇರಲಿಲ್ಲ.

ಸರಣಿಯ ಎಂಟು ಕೃತಿಗಳು

ಓದುಗರಲ್ಲಿ ರೂಢಿಯಲ್ಲಿರುವ ಕ್ರಮ ಹೀಗಿದೆ: ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’, ‘ಹೊಸ ಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ ಮತ್ತು ‘ದುರ್ಗಾಸ್ತಮಾನ’.

ಇವುಗಳಲ್ಲಿ ಮೊದಲ ಮೂರು ಒಂದಕ್ಕೊಂದು ಹೆಣೆದುಕೊಂಡಿರುವ ತ್ರಿವಳಿ. ಇವನ್ನು ಬಿಡಿಬಿಡಿಯಾಗಿ ಓದುವುದು ಪ್ರಯೋಜನವಿಲ್ಲ. ಕೊನೆಯ ‘ದುರ್ಗಾಸ್ತಮಾನ’ ಗಾತ್ರದಲ್ಲಿ ದೊಡ್ಡದು ಮತ್ತು ಸ್ವತಂತ್ರವಾಗಿ ನಿಲ್ಲಬಲ್ಲದು. ನಡುವಿನ ನಾಲ್ಕು ಈ ಎರಡು ತುದಿಗಳನ್ನು ಜೋಡಿಸುತ್ತವೆ.

ಕಥೆ ಆರಂಭವಾಗುವ ಹೊತ್ತಿಗೆ ದುರ್ಗದಲ್ಲಿ ಪಾಳೆಯಗಾರರ ಆಳ್ವಿಕೆಗೆ ನೂರು ವರ್ಷ ತುಂಬಿತ್ತು. ವಿಜಯನಗರದ ಅರಸರಿಂದ ನಾಯಕ ಪದವಿ ಪಡೆದ ಮತ್ತಿ ತಿಮ್ಮಣ್ಣನಾಯಕ ಮೊದಲು ಹೊಳಲ್ಕೆರೆಗೆ, ನಂತರ ಹಿರಿಯೂರಿಗೆ, ಅನಂತರ ಚಿತ್ರದುರ್ಗಕ್ಕೆ ನಾಯಕನಾದನೆಂದು ಗೆಜೆಟಿಯರುಗಳು ಹೇಳುತ್ತವೆ. ದುರ್ಗದ ಆಳ್ವಿಕೆಯ ಆರಂಭವನ್ನು ಸಾಮಾನ್ಯವಾಗಿ 1568 ಎಂದು ಗುರುತಿಸಲಾಗುತ್ತದೆ. 1565ರಲ್ಲಿ ವಿಜಯನಗರ ಸೋತ ಮೇಲೆ ಈ ನಾಯಕರು ಕ್ರಮೇಣ ಸ್ವತಂತ್ರರಾದರು. ಒಂದು ಕಡೆ ಬಿದನೂರು, ಇನ್ನೊಂದು ಕಡೆ ಹರಪನಹಳ್ಳಿ ಮತ್ತು ರಾಯದುರ್ಗ, ದಕ್ಷಿಣಕ್ಕೆ ಮೈಸೂರು, ಪೂರ್ವಕ್ಕೆ ಶಿರಾ. ಎಲ್ಲ ದಿಕ್ಕಿನಲ್ಲೂ ಬಲಿಷ್ಠ ನೆರೆಹೊರೆ ಇದ್ದ ಸಂಸ್ಥಾನವಿದು. ಇಷ್ಟು ಹಿನ್ನೆಲೆ ತಿಳಿದಿದ್ದರೆ ಮೊದಲ ಕಾದಂಬರಿಯ ಬಾಗಿಲು ಸುಲಭವಾಗಿ ತೆರೆಯುತ್ತದೆ.

ಮೊದಲ ಮೂರು: ಒಳಗಿನ ಬಿರುಕು

‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಗೆ ಆಧಾರ 17ನೇ ಶತಮಾನದ ಕೊನೆಯ ದಶಕಗಳು. ಇತಿಹಾಸ ಗ್ರಂಥಗಳ ಪ್ರಕಾರ 1674ರಿಂದ 1689ರವರೆಗಿನ 15 ವರ್ಷಗಳಲ್ಲಿ ಕನಿಷ್ಠ ನಾಲ್ವರು ನಾಯಕರು ದುರ್ಗದ ಪಟ್ಟವೇರಿದರು. ಅವರಲ್ಲಿ ಕೆಲವರ ಅಂತ್ಯ ಅರಮನೆಯೊಳಗಿನ ಸಂಚಿನಿಂದಲೇ ಆಯಿತು. ಸೈನ್ಯದ ಅಸಮಾಧಾನ ಪಟ್ಟವನ್ನೇ ಅಲುಗಾಡಿಸುವ ಮಟ್ಟಕ್ಕೆ ಬೆಳೆದಿತ್ತು. ಪಟ್ಟದಲ್ಲಿ ಕುಳಿತವನಿಗಿಂತ ಪಟ್ಟ ಕಟ್ಟುವವನೇ ದೊಡ್ಡವನಾದ ಕಾಲವದು. ಆ ಶಕ್ತಿ ಇದ್ದದ್ದು ದಳವಾಯಿಗಳ ಕೈಯಲ್ಲಿ. ಅವರಲ್ಲಿ ದಳವಾಯಿ ಮುದ್ದಣ್ಣನ ಹೆಸರು ದುರ್ಗದ ಇತಿಹಾಸದಲ್ಲಿ ಕುಖ್ಯಾತ.

ತ್ರಿವಳಿಯ ಶೀರ್ಷಿಕೆಗಳೇ ಕಥೆಯ ನಡೆಯನ್ನು ಸೂಚಿಸುತ್ತವೆ. ಕುಯಿಲು ಎಂದರೆ ಬೆಳೆದ ಪೈರಿನ ಕೊಯ್ಲು. ಇಲ್ಲಿ ಬೆಳೆದದ್ದೂ ಕೊಯ್ದದ್ದೂ ಕಂಬನಿ. ಎರಡನೆಯದು ನೆತ್ತರಿನ ರಾತ್ರಿ. ಮೂರನೆಯದು ಬಿಟ್ಟವನಿಗೇ ಹಿಂದಿರುಗಿ ತಗಲುವ ಬಾಣ.

ಈ ಮೂರರಲ್ಲಿ ಕೋಟೆಗೆ ಅಪಾಯ ಬರುವುದು ಹೊರಗಿನ ವೈರಿಯಿಂದಲ್ಲ ಎಂಬುದು ಗಮನಿಸಬೇಕಾದ ಅಂಶ. ಏಳು ಸುತ್ತಿನ ಗೋಡೆಯನ್ನು ಯಾರೂ ದಾಟುವುದಿಲ್ಲ. ದಾಟಬೇಕಾದ ಅಗತ್ಯವೂ ಇಲ್ಲ. ಕತ್ತಿ ಹಿಡಿದವರು, ಕೀಲಿಕೈ ಹಿಡಿದವರು, ಸಂಬಳ ಬಾರದೆ ಕುದಿಯುತ್ತಿರುವವರು ಎಲ್ಲರೂ ಗೋಡೆಯ ಒಳಗೇ ಇದ್ದಾರೆ.

ಹೊಸ ಓದುಗರು ಆರಂಭಿಸಬೇಕಾದದ್ದು ಇಲ್ಲಿಂದ. ಇದಕ್ಕೆ ಮೂರು ಕಾರಣಗಳನ್ನು ಕೊಡಬಹುದು. ಮೊದಲನೆಯದಾಗಿ, ಇವು ‘ದುರ್ಗಾಸ್ತಮಾನ’ದಷ್ಟು ದೊಡ್ಡ ಗಾತ್ರದವಲ್ಲ, ಓದುವ ಅಭ್ಯಾಸ ತಪ್ಪಿದವರನ್ನೂ ಹೆದರಿಸುವುದಿಲ್ಲ. ಎರಡನೆಯದಾಗಿ, ಒಂದು ಅರಮನೆ, ಒಂದು ಸಂಚು, ಅದರ ಫಲ ಎಂಬ ಬಿಗಿಯಾದ ಕಥಾಸೂತ್ರ ಇಲ್ಲಿದೆ. ಮೂರನೆಯದಾಗಿ, ಸರಣಿಯ ಉದ್ದಕ್ಕೂ ಕೇಳಿಬರುವ ಪ್ರಶ್ನೆ ಮೊದಲು ಏಳುವುದು ಇಲ್ಲಿಯೇ: ಕೋಟೆಯನ್ನು ಕಾಯುವುದು ಕಲ್ಲೋ, ಒಳಗಿರುವವರ ನಿಷ್ಠೆಯೋ?

ನಡುವಿನ ನಾಲ್ಕು: ಏರಿಕೆಯ ಕಾಲ

ಮುದ್ದಣ್ಣನ ಪತನದ ನಂತರ 1689ರಲ್ಲಿ ಪಟ್ಟಕ್ಕೆ ಬಂದವನು ಬಿಚ್ಚುಗತ್ತಿ ಭರಮಣ್ಣನಾಯಕ. 1721ರವರೆಗೆ, ಅಂದರೆ ಮೂರು ದಶಕಗಳಿಗೂ ಮಿಕ್ಕಿ ಆಳಿದ ಈತನ ಕಾಲ ಯುದ್ಧಗಳಿಗೆ ಹೇಗೋ ಹಾಗೆ ಕೆರೆ, ದೇವಾಲಯಗಳ ನಿರ್ಮಾಣಕ್ಕೂ ಪ್ರಸಿದ್ಧ. ಆತನ ನಂತರ ಹಿರೇ ಮದಕರಿನಾಯಕ ಸಂಸ್ಥಾನದ ಗಡಿಯನ್ನು ವಿಸ್ತರಿಸಿದ. 1748ರ ಸುಮಾರಿನಲ್ಲಿ ಮಾಯಕೊಂಡದ ಬಳಿ ನಡೆದ ಕಾಳಗದಲ್ಲಿ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಕೂಡುಪಡೆಯನ್ನು ಎದುರಿಸಿ ಆತ ಮಡಿದ. ದುರ್ಗದ ಪರವಾಗಿ ಆ ಯುದ್ಧದಲ್ಲಿ ಭಾಗವಹಿಸಿದವರಲ್ಲಿ ಚಂದಾಸಾಹೇಬನೂ ಒಬ್ಬ. ಹಿರೇ ಮದಕರಿಯ ನಂತರ ಪಟ್ಟವೇರಿದ ಕಸ್ತೂರಿ ರಂಗಪ್ಪನಾಯಕ ಕೆಲವೇ ವರ್ಷ ಆಳಿದ.

ಈ ಅವಧಿಯ ಇತಿಹಾಸದ ಹಿನ್ನೆಲೆಯೊಂದಿಗೆ ‘ಹೊಸ ಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ಗಳನ್ನು ಓದಿದರೆ ಸಂಸ್ಥಾನದ ಏರುಗತಿಯೂ, ಏರುವಾಗಲೇ ಕಟ್ಟಿಕೊಂಡ ವೈರಗಳೂ ತಿಳಿಯುತ್ತವೆ. ಸಮಯದ ಅಭಾವ ಇರುವವರು ತ್ರಿವಳಿಯ ನಂತರ ಈ ನಾಲ್ಕನ್ನು ಬಿಟ್ಟು ನೇರವಾಗಿ ‘ದುರ್ಗಾಸ್ತಮಾನ’ಕ್ಕೆ ಹೋಗಬಹುದು. ಕಥೆ ಕಡಿದುಹೋದಂತೆ ಅನ್ನಿಸುವುದಿಲ್ಲ. ಆದರೆ ನೆರೆಯ ಸಂಸ್ಥಾನಗಳು ದುರ್ಗದ ಕೊನೆಯ ಗಳಿಗೆಯಲ್ಲಿ ಏಕೆ ನೆರವಿಗೆ ಬರಲಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ನಡುವಿನ ಕಾಲದಲ್ಲಿದೆ.

ದುರ್ಗಾಸ್ತಮಾನ: ಕೊನೆಯಲ್ಲಿ ಓದಬೇಕಾದದ್ದು

ಕಸ್ತೂರಿ ರಂಗಪ್ಪನಾಯಕನಿಗೆ ಮಕ್ಕಳಿರಲಿಲ್ಲ. ರಾಜಮಾತೆ ಗಂಡಿನ ಓಬವ್ವನಾಗತಿ ಮತ್ತು ಸಂಸ್ಥಾನದ ಹಿರಿಯರು ಕೂಡಿ ಜಾನಕಲ್ಲಿನ ಬಾಲಕನೊಬ್ಬನನ್ನು ಪಟ್ಟಕ್ಕೆ ಆಯ್ದರು. ಜಾನಕಲ್ಲು ಇಂದಿನ ಹೊಸದುರ್ಗ ತಾಲ್ಲೂಕಿಗೆ ಸೇರಿದ ಊರು. 1750ರ ದಶಕದಲ್ಲಿ ಪಟ್ಟವೇರಿದ ಆ ಬಾಲಕನೇ ಕೊನೆಯ ಮದಕರಿನಾಯಕ.

‘ದುರ್ಗಾಸ್ತಮಾನ’ ಹೇಳುವುದು ಈತನ ಕಥೆ. ಆಯ್ಕೆಯ ಹಿಂದಿನ ಲೆಕ್ಕಾಚಾರ, ಪ್ರಧಾನಿ ಕಳ್ಳಿ ನರಸಪ್ಪಯ್ಯನ ಮುತ್ಸದ್ದಿತನ, ಎಳೆಯ ನಾಯಕ ಬೆಳೆದು ನಿಲ್ಲುವ ಬಗೆ, ಮೈಸೂರಿನ ಹೈದರಾಲಿಯೊಂದಿಗಿನ ಸಂಬಂಧ ಇವೆಲ್ಲ ನಿಧಾನವಾಗಿ ಹರಡಿಕೊಳ್ಳುತ್ತವೆ. ಹೈದರ್ ಮತ್ತು ಮದಕರಿ ಮೊದಲಿನಿಂದಲೂ ವೈರಿಗಳಾಗಿರಲಿಲ್ಲ. ಹೈದರನ ಹಲವು ದಂಡಯಾತ್ರೆಗಳಲ್ಲಿ ದುರ್ಗದ ಸೈನ್ಯ ಅವನ ಪರವಾಗಿ ಹೋರಾಡಿತ್ತು. ಮರಾಠರ ಮತ್ತು ಮೈಸೂರಿನ ನಡುವಿನ ಪೈಪೋಟಿಯಲ್ಲಿ ಸಿಲುಕಿದ ಸಣ್ಣ ಸಂಸ್ಥಾನವೊಂದರ ಮೇಲೆ ಸಂಶಯ ಮೂಡಿದಾಗ ಸ್ನೇಹ ಮುರಿಯಿತು. 1777ರ ಮುತ್ತಿಗೆಯಲ್ಲಿ ಕೋಟೆ ಕೈವಶವಾಗಲಿಲ್ಲ. 1779ರಲ್ಲಿ ಆಯಿತು. ಅದೂ ಗೋಡೆ ಒಡೆದು ಅಲ್ಲ, ಒಳಗಿನವರ ದ್ರೋಹದಿಂದ ಎಂದು ಗೆಜೆಟಿಯರುಗಳು ದಾಖಲಿಸುತ್ತವೆ. ಮದಕರಿನಾಯಕ ಮತ್ತು ಅವನ ಪರಿವಾರದವರನ್ನು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಈ ಪ್ರಾಂತದ ಸುಮಾರು 20 ಸಾವಿರ ಬೇಡರನ್ನೂ ಅಲ್ಲಿಗೆ ಸಾಗಿಸಲಾಯಿತೆಂಬ ಉಲ್ಲೇಖ ಗೆಜೆಟಿಯರಿನಲ್ಲಿದೆ.

ಒನಕೆ ಓಬವ್ವನ ಪ್ರಸಂಗವೂ ಇದೇ ಮುತ್ತಿಗೆಗಳ ಕಾಲದ್ದು. ಕಹಳೆಯವನ ಹೆಂಡತಿಯೊಬ್ಬಳು ಬಂಡೆಯ ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರು ಸೈನಿಕರನ್ನು ಒನಕೆಯಿಂದ ಎದುರಿಸಿದ ಕಥೆ ನಾಡಿಗೆಲ್ಲ ಗೊತ್ತು. ಆಕೆಯ ಜಯಂತಿಯನ್ನು ನವೆಂಬರ್ 11ರಂದು ಆಚರಿಸುವ ಪದ್ಧತಿಯನ್ನು ರಾಜ್ಯ ಸರ್ಕಾರ 2021ರಲ್ಲಿ ಆರಂಭಿಸಿತು.

ಈ ಬೃಹತ್ ಕೃತಿಯನ್ನು ಮೊದಲೇ ಓದಿದರೆ ಆಗುವ ನಷ್ಟವೇನು? ಹೊರಗಿನ ಮುತ್ತಿಗೆಯೊಂದೇ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಕಥೆ ಇಬ್ಬರು ವೀರರ ನಡುವಿನ ಹಗೆಯಾಗಿ, ಇನ್ನೂ ಮುಂದುವರಿದು ಎರಡು ಮತಗಳ ನಡುವಿನ ಹಗೆಯಾಗಿ ಸಂಕುಚಿತವಾಗುವ ಅಪಾಯವಿದೆ. ತ್ರಿವಳಿಯನ್ನು ಓದಿ ಬಂದವರಿಗೆ ಹಾಗಾಗುವುದಿಲ್ಲ. ಪಟ್ಟಕ್ಕಾಗಿ ಒಂದೇ ನೆಲದ, ಒಂದೇ ಅರಮನೆಯ ಜನ ಒಬ್ಬರನ್ನೊಬ್ಬರು ಕೊಂದದ್ದನ್ನು ಅವರು ಕಂಡಿರುತ್ತಾರೆ. ಒಳಗಿನ ದ್ರೋಹಕ್ಕೆ ಜಾತಿಮತಗಳ ಗುರುತು ಇಲ್ಲವೆಂಬುದನ್ನು ಅರಿತಿರುತ್ತಾರೆ. 1779ರಲ್ಲಿ ಬಾಗಿಲು ಒಳಗಿನಿಂದ ತೆರೆದುಕೊಂಡಾಗ ಅದು ಅವರಿಗೆ ಹಳೆಯ ರೋಗದ ಕೊನೆಯ ಲಕ್ಷಣವಾಗಿ ತೋರುತ್ತದೆ. ಅಸ್ತಮಾನ ಎಂಬ ಪದದ ತೂಕ ತಿಳಿಯುವುದು ಹಗಲನ್ನು ನೋಡಿದವರಿಗೆ ಮಾತ್ರ.

ಹಂಸಗೀತೆ ಮತ್ತು ನಾಗರಹಾವು

ಸರಣಿಗೆ ಸೇರದಿದ್ದರೂ ‘ಹಂಸಗೀತೆ’ಯನ್ನು ದುರ್ಗದ ಲೋಕದಿಂದ ಹೊರಗಿಡಲಾಗದು. ಟಿಪ್ಪು ಸುಲ್ತಾನನ ಕಾಲದ ಸಂಗೀತ ವಿದ್ವಾಂಸ ಭೈರವಿ ವೆಂಕಟಸುಬ್ಬಯ್ಯನ ಬದುಕನ್ನು ಕುರಿತ ಈ ಕಾದಂಬರಿಯಲ್ಲಿ ಕತ್ತಿಗಿಂತ ರಾಗವೇ ಮುಖ್ಯ. ಅರಸನ ಒತ್ತಾಯಕ್ಕೆ ಹಾಡಲೊಲ್ಲದೆ ನಾಲಿಗೆಯನ್ನೇ ಕತ್ತರಿಸಿಕೊಳ್ಳುವ ಕಲಾವಿದನ ಚಿತ್ರ ಓದುಗರನ್ನು ಬಹುಕಾಲ ಕಾಡುತ್ತದೆ. 1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’ ಮತ್ತು ಜಿ.ವಿ. ಅಯ್ಯರ್ ನಿರ್ದೇಶನದ 1975ರ ಕನ್ನಡ ಚಿತ್ರ ‘ಹಂಸಗೀತೆ’ ಎರಡಕ್ಕೂ ಇದೇ ಮೂಲ. ಯುದ್ಧದ ಕಥೆಗಳಲ್ಲಿ ಆಸಕ್ತಿ ಇಲ್ಲದವರು ಇದರಿಂದಲೇ ತರಾಸು ಅವರನ್ನು ಪ್ರವೇಶಿಸಬಹುದು. ಉಳಿದವರಿಗೆ ಇದು ‘ದುರ್ಗಾಸ್ತಮಾನ’ದ ನಂತರ ಓದಲು ತಕ್ಕದ್ದು.

‘ನಾಗರಹಾವು’ ಎಂದೊಡನೆ ಕೋಟೆ ನೆನಪಾಗುವುದು ಸಹಜ. ಪುಟ್ಟಣ್ಣ ಕಣಗಾಲ್ ನಿರ್ದೇಶನದ 1972ರ ಆ ಚಿತ್ರ ದುರ್ಗದ ಬಂಡೆಗಳನ್ನು ಮನೆಮನೆಗೆ ತಲುಪಿಸಿತು. ಓಬವ್ವನ ಸಾಹಸವೂ ಅದರಲ್ಲಿ ಹಾಡಿನ ರೂಪದಲ್ಲಿ ಬಂತು. ಆದರೆ ಚಿತ್ರಕ್ಕೆ ಮೂಲವಾದ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳು ಸಾಮಾಜಿಕ ಕೃತಿಗಳು. ಅವುಗಳ ರಾಮಾಚಾರಿ ಆಧುನಿಕ ಕಾಲದವನು. ಪಾಳೆಯಗಾರರ ಕಥೆ ನಿರೀಕ್ಷಿಸಿ ಅವನ್ನು ತೆರೆದರೆ ನಿರಾಶೆಯಾದೀತು.

ಹೆಸರುಗಳ ಗೊಂದಲ

ಹೊಸಬರು ಅರ್ಧಕ್ಕೇ ಪುಸ್ತಕ ಮುಚ್ಚುವುದಕ್ಕೆ ಮುಖ್ಯ ಕಾರಣ ಹೆಸರುಗಳ ಪುನರಾವರ್ತನೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ದುರ್ಗದ ವಂಶಾವಳಿಯಲ್ಲಿ ಮದಕರಿ ಎಂಬ ಹೆಸರಿನವರು ಐವರಿದ್ದಾರೆ. ಓಬಣ್ಣ ಮತ್ತು ಕಸ್ತೂರಿ ರಂಗಪ್ಪ ಎಂಬ ಹೆಸರುಗಳೂ ಒಬ್ಬೊಬ್ಬರಿಗೆ ಸೀಮಿತವಲ್ಲ. ಮಾಯಕೊಂಡದಲ್ಲಿ ಮಡಿದವನು ಹಿರೇ ಮದಕರಿ. ಶ್ರೀರಂಗಪಟ್ಟಣದ ಸೆರೆಗೆ ಹೋದವನು ಕೊನೆಯ ಮದಕರಿ. ಈ ಇಬ್ಬರನ್ನು ಬೇರೆಯಾಗಿ ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಪರಿಹಾರವಾಗುತ್ತದೆ. ಹಾಗೆಯೇ ಗಂಡಿನ ಓಬವ್ವನಾಗತಿ ಅರಮನೆಯ ರಾಜಮಾತೆ. ಒನಕೆ ಓಬವ್ವ ಕಾವಲಿನವನ ಮನೆಯಾಕೆ.

ಪುಸ್ತಕದ ಕೊನೆಯ ಹಾಳೆಯಲ್ಲೋ ಬೇರೊಂದು ಚೀಟಿಯಲ್ಲೋ ಪಾತ್ರಗಳ ಹೆಸರು, ಪದವಿ, ಸಂಬಂಧಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮೊದಲ ಐವತ್ತು ಪುಟಗಳ ನಂತರ ಅದರ ಅಗತ್ಯ ಬೀಳುವುದಿಲ್ಲ.

ತಿಳಿದಿರಬೇಕಾದ ಕೆಲವು ಪದಗಳು

ಪಾಳೆಯಗಾರ: ದೊಡ್ಡ ಅರಸನಿಂದ ನೆಲ ಪಡೆದು, ಪ್ರತಿಯಾಗಿ ಸೈನ್ಯ ಮತ್ತು ಕಪ್ಪ ಒಪ್ಪಿಸುತ್ತಿದ್ದ ಪ್ರಾಂತೀಯ ಒಡೆಯ.

ದಳವಾಯಿ: ಸೈನ್ಯದ ಮುಖ್ಯಸ್ಥ. ದುರ್ಗದ ಇತಿಹಾಸದಲ್ಲಿ ಹಲವು ಸಲ ಪಟ್ಟಕ್ಕಿಂತ ಪ್ರಬಲವಾಗಿದ್ದ ಹುದ್ದೆ.

ಪ್ರಧಾನಿ: ಆಡಳಿತ ಮತ್ತು ರಾಜತಂತ್ರ ನೋಡಿಕೊಳ್ಳುವ ಮಂತ್ರಿ.

ನಾಗತಿ: ನಾಯಕನ ಪತ್ನಿ, ರಾಣಿ.

ಬತೇರಿ: ತೋಪು ಇರಿಸಲು ಅಥವಾ ಕಾವಲಿಗಾಗಿ ಕೋಟೆಯ ಎತ್ತರದಲ್ಲಿ ಕಟ್ಟಿದ ನೆಲೆ.

ದಿಡ್ಡಿಬಾಗಿಲು: ಹೆಬ್ಬಾಗಿಲಲ್ಲದೆ ಓಡಾಟಕ್ಕೆ ಇರುವ ಚಿಕ್ಕ ಬಾಗಿಲು.

ಲಗ್ಗೆ: ಕೋಟೆಯ ಗೋಡೆ ಏರಿ ಒಳನುಗ್ಗುವ ದಾಳಿ. ಮುತ್ತಿಗೆ ಎಂದರೆ ಸುತ್ತುವರಿದು ಕಾಯುವುದು. ಕಾದಂಬರಿಗಳಲ್ಲಿ ಈ ಎರಡರ ವ್ಯತ್ಯಾಸ ಮುಖ್ಯ.

ಕಾದಂಬರಿ ಬೇರೆ, ಇತಿಹಾಸ ಬೇರೆ

ಈ ಕೃತಿಗಳ ಯಶಸ್ಸೇ ಒಂದು ತೊಡಕನ್ನೂ ತಂದಿದೆ. ತರಾಸು ಚಿತ್ರಿಸಿದ ದುರ್ಗವೇ ನಿಜವಾದ ದುರ್ಗವೆಂದು ಅನೇಕರು ನಂಬಿದ್ದಾರೆ. ಕೋಟೆ ನೋಡಲು ಬಂದವರು ಕಾದಂಬರಿಯ ಪಾತ್ರ ನಿಂತಿದ್ದ ಜಾಗ ಯಾವುದೆಂದು ವಿಚಾರಿಸುವುದುಂಟು. ಕಾಲ, ಯುದ್ಧ, ಪಟ್ಟದ ಉತ್ತರಾಧಿಕಾರ ಮುಂತಾದ ಎಲುಬುಗೂಡು ಇತಿಹಾಸದ್ದು. ಮಾತು, ಮನಸ್ಸಿನ ತೊಳಲಾಟ, ಪ್ರೇಮ, ಅರಮನೆಯ ಏಕಾಂತದ ದೃಶ್ಯಗಳು ಕಾದಂಬರಿಕಾರನವು. ಈ ಗೆರೆಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳುವುದು ಅಗತ್ಯ.

ಇತಿಹಾಸವನ್ನು ಪ್ರತ್ಯೇಕವಾಗಿ ತಿಳಿಯಬಯಸುವವರಿಗೆ ಎಂ.ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳೆಯಗಾರರು’ ಹಳೆಯ, ಉಪಯುಕ್ತ ಗ್ರಂಥ. ದುರ್ಗದ ದಾಖಲೆಗಳನ್ನು ಸಂಗ್ರಹಿಸಿದ ಹುಲ್ಲೂರು ಶ್ರೀನಿವಾಸ ಜೋಯಿಸರ ಬರಹಗಳು, ಲಕ್ಷ್ಮಣ ತೆಲಗಾವಿ ಮತ್ತು ಬಿ. ರಾಜಶೇಖರಪ್ಪನವರಂಥ ಸಂಶೋಧಕರ ಕೃತಿಗಳೂ ನೆರವಿಗೆ ಬರುತ್ತವೆ. ಒಂದೇ ಘಟನೆಯನ್ನು ಕಾದಂಬರಿಯಲ್ಲೂ ಇತಿಹಾಸದಲ್ಲೂ ಓದಿ ಹೋಲಿಸುವುದು ಸ್ವತಃ ಒಂದು ಶಿಕ್ಷಣ.

ಇದೇ ನೆಲದ ಇನ್ನೊಂದು ನೋಟ ಬೇಕೆನ್ನುವವರು ಚಿತ್ರದುರ್ಗದ ಲೇಖಕ ಬಿ.ಎಲ್. ವೇಣು ಅವರ ಕೃತಿಗಳನ್ನು ಗಮನಿಸಬಹುದು. ಅವರ ‘ಗಂಡುಗಲಿ ಮದಕರಿ ನಾಯಕ’ ಕೊನೆಯ ನಾಯಕನನ್ನು ಕುರಿತದ್ದು. ಭರಮಣ್ಣನಾಯಕನನ್ನು ಕುರಿತ ಅವರ ಕಾದಂಬರಿಯನ್ನು ಆಧರಿಸಿ 2020ರಲ್ಲಿ ‘ಬಿಚ್ಚುಗತ್ತಿ’ ಚಲನಚಿತ್ರ ತೆರೆಕಂಡಿತು. ತರಾಸು ತ್ರಿವಳಿಯ ದಳವಾಯಿ ಮುದ್ದಣ್ಣನೇ ಅಲ್ಲಿಯೂ ಎದುರಾಳಿ. ಅವರ ‘ಕಲ್ಲರಳಿ ಹೂವಾಗಿ’ಯನ್ನು ಟಿ.ಎಸ್. ನಾಗಾಭರಣ 2006ರಲ್ಲಿ ಚಿತ್ರವಾಗಿಸಿದರು. ಮದಕರಿ ಮತ್ತು ಹೈದರನ ಯುದ್ಧದ ನಡುವೆ ಎರಡು ಪಾಳೆಯಗಳ ಯುವಕ ಯುವತಿಯರ ಪ್ರೇಮವನ್ನು ಚಿತ್ರಿಸಿದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಸಂದಿತು. ಒಂದೇ ಮುತ್ತಿಗೆಯನ್ನು ಎಷ್ಟು ಬಗೆಯಲ್ಲಿ ಹೇಳಬಹುದು ಎಂಬುದಕ್ಕೆ ಇದು ನಿದರ್ಶನ.

ಓದಿದ ಮೇಲೆ ನೋಡಬೇಕಾದ ಸ್ಥಳಗಳು

ಕಾದಂಬರ ಲೋಕದ ಭೂಪಟ ಇಂದಿನ ಬಸ್ ಮಾರ್ಗದ ಮೇಲೆಯೇ ಇದೆ. ತಿಮ್ಮಣ್ಣನಾಯಕನ ಮೊದಲ ಎರಡು ನೆಲೆಗಳಾದ ಹೊಳಲ್ಕೆರೆ, ಹಿರಿಯೂರು, ಕೊನೆಯ ಮದಕರಿಯ ಊರಿರುವ ಹೊಸದುರ್ಗ ತಾಲ್ಲೂಕು ಎಲ್ಲವೂ ಜಿಲ್ಲೆಯೊಳಗಿನವು. ಮಾಯಕೊಂಡ ನೆರೆಯ ದಾವಣಗೆರೆ ಜಿಲ್ಲೆಯಲ್ಲಿದೆ.

ಚಿತ್ರದುರ್ಗದಲ್ಲಿ ಕೆಳಕೋಟೆಯ ರಂಗಯ್ಯನ ಬಾಗಿಲಿನಿಂದ ಆರಂಭಿಸಿ ಮೇಲುದುರ್ಗಕ್ಕೆ ಹೋಗಬಹುದು. ಏಕನಾಥೇಶ್ವರಿ, ಹಿಡಂಬೇಶ್ವರ, ಸಂಪಿಗೆ ಸಿದ್ದೇಶ್ವರ ದೇವಾಲಯಗಳು, ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ, ಓಬವ್ವನ ಕಿಂಡಿ ಇವೆಲ್ಲ ಕಾಲ್ನಡಿಗೆಯ ದೂರದಲ್ಲಿವೆ. ಕಿಂಡಿಯ ಎದುರು ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ. ತ್ರಿವಳಿ ಓದಿದವರು ಮೇಲುದುರ್ಗದ ಅರಮನೆಯ ಮಣ್ಣಿನ ಗೋಡೆಗಳ ಅವಶೇಷದ ಬಳಿಯೂ ಸ್ವಲ್ಪ ಹೊತ್ತು ನಿಲ್ಲಬೇಕು. ಹೊರಗಿನ ಕಲ್ಲಿನ ಸುತ್ತುಗಳು ಇಂದಿಗೂ ಗಟ್ಟಿಯಾಗಿವೆ. ಕರಗಿಹೋಗಿರುವುದು ಒಳಗಿನ ಗೋಡೆಗಳು.

ಓದಿನ ಕ್ರಮ: ಸಂಕ್ಷಿಪ್ತವಾಗಿ

ಹೊಸ ಓದುಗರಿಗೆ: ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’, ನಂತರ ‘ದುರ್ಗಾಸ್ತಮಾನ’, ಕೊನೆಗೆ ‘ಹಂಸಗೀತೆ’.

ಪೂರ್ಣ ಸರಣಿ ಓದುವವರಿಗೆ: ‘ತಿರುಗುಬಾಣ’ ಮತ್ತು ‘ದುರ್ಗಾಸ್ತಮಾನ’ಗಳ ನಡುವೆ ‘ಹೊಸ ಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’.

ಒಂದೇ ಪುಸ್ತಕ ಓದಲು ಸಾಧ್ಯವಿರುವವರಿಗೆ: ಯುದ್ಧ ಮತ್ತು ರಾಜಕೀಯದಲ್ಲಿ ಆಸಕ್ತಿ ಇದ್ದರೆ ‘ದುರ್ಗಾಸ್ತಮಾನ’, ಸಂಗೀತ ಮತ್ತು ಮನುಷ್ಯ ಸ್ವಭಾವದಲ್ಲಿ ಆಸಕ್ತಿ ಇದ್ದರೆ ‘ಹಂಸಗೀತೆ’.

ಈಗಾಗಲೇ ‘ದುರ್ಗಾಸ್ತಮಾನ’ ಓದಿ ಮುಗಿಸಿದವರಿಗೆ: ಹಿಂದಿರುಗಿ ‘ಕಂಬನಿಯ ಕುಯಿಲು’ ತೆರೆಯಬಹುದು. ಅಂತ್ಯ ತಿಳಿದಿರುವುದರಿಂದ ಅರಮನೆಯೊಳಗಿನ ಪ್ರತಿಯೊಂದು ಸಂಚಿನ ಬೆಲೆ ಎಷ್ಟೆಂಬುದು ಅವರಿಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.